ಮಾವಶಿಗೆ ಶಿಕ್ಷೆಯಾದ ದಿನ

ತೊಂಬತ್ತರ ದಶಕದ ಆರಂಭದಲ್ಲಿ ನಾನು ಚಿಕ್ಕೋಡಿಯ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಅಲ್ಲಿಯ ಕೋರ್ಟಿನಲ್ಲಿ ಆಗ ಕರಿಕೋಟು ತೊಟ್ಟ ಹೆಂಗಸು ನಾನೊಬ್ಬಳೇ. ನಮ್ಮ ಹಿರಿಯ ವಕೀಲರು ಕೈಗೆತ್ತಿಕೊಂಡ ಒಂದು ಪ್ರಕರಣದ ನಿಪ್ಪಾಣಿಯ ಹುಡುಗಿ ಗಂಡಸರ ಮುಂದೆ ಬಾಯಿ ಬಿಡುತ್ತಿರಲಿಲ್ಲವಾದ್ದರಿಂದ ಅವಳ ಜೊತೆ ಕೂತು ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು.

ಹುಡುಗಿಗೆ ಹದಿಮೂರು ವರ್ಷ. ತಂದೆ ತೀರಿಹೋಗಿದ್ದ. ತಾಯಿ ತಂಬಾಕಿನ ಗೋದಾಮಿನಲ್ಲಿ ಕೂಲಿ. ಅದೇ ಓಣಿಯ ಒಬ್ಬ ಹೆಂಗಸನ್ನು ಹುಡುಗಿ ಮಾವಶಿ ಎಂದು ಕರೆಯುತ್ತಿದ್ದಳು. ನಮ್ಮ ಗಡಿಸೀಮೆಯಲ್ಲಿ ಚಿಕ್ಕಮ್ಮನನ್ನು ಹಾಗೆನ್ನುತ್ತಾರೆ. ತಾಯಿ ಕೆಲಸಕ್ಕೆ ಹೋದ ಮೇಲೆ ಹುಡುಗಿಯ ತಲೆ ಬಾಚಿ ಜಡೆ ಹಾಕುತ್ತಿದ್ದವಳು ಅವಳೇ. ಕೊಲ್ಲಾಪುರದ ಒಳ್ಳೆಯ ಮನೆಯಲ್ಲಿ ಕೂಸು ಆಡಿಸುವ ಕೆಲಸವಿದೆ ಎಂದು ಅವಳು ತಾಯಿಯನ್ನು ಒಪ್ಪಿಸಿದಳು. ಒಬ್ಬ ಗಂಡಸನ್ನು ಜೊತೆಗಿಟ್ಟುಕೊಂಡು ಹುಡುಗಿಯನ್ನು ಬಸ್ಸು ಹತ್ತಿಸಿದಳು. ಕೊಲ್ಲಾಪುರದಲ್ಲಿ ಅವರು ಇಳಿಯಲಿಲ್ಲ. ಇಬ್ಬರೂ ಸೇರಿ ಹುಡುಗಿಯನ್ನು ಪುಣೆಯ ಒಂದು ಮನೆಗೆ ಮಾರಿದರು.

ಅಲ್ಲಿ ಆದದ್ದನ್ನು ಅವಳು ನನಗೆ ಹೇಳಿದ್ದಾಳೆ. ನಾನು ಬರೆಯುವುದಿಲ್ಲ. ಕೆಲವು ತಿಂಗಳ ಮೇಲೆ ಪೊಲೀಸರು ಆ ಮನೆಗೆ ನುಗ್ಗಿದಾಗ ಅವಳು ಸಿಕ್ಕಳು. ಮನೆ ನಡೆಸುತ್ತಿದ್ದವರು ತಪ್ಪಿಸಿಕೊಂಡರು. ಮಾವಶಿಯನ್ನೂ ಆ ಗಂಡಸನ್ನೂ ನಿಪ್ಪಾಣಿಯಲ್ಲೇ ಹಿಡಿದರು.

ಪ್ರಕರಣ ಚಿಕ್ಕೋಡಿಯಿಂದ ಬೆಳಗಾವಿಯ ಸೆಷನ್ಸ್ ಕೋರ್ಟಿಗೆ ಹೋಯಿತು. ವಿಚಾರಣೆ ಶುರುವಾಗುವ ಮುಂಚೆ ಒಂದು ಮಧ್ಯಾಹ್ನ ತಾಯಿ ನಮ್ಮ ಆಫೀಸಿನಲ್ಲಿ ಕೂತಿದ್ದಾಗ, ಅವರ ಓಣಿಯ ಹಿರಿಯರೊಬ್ಬರು ಅವಳನ್ನು ಹುಡುಕಿಕೊಂಡು ಬಂದರು. ಬೈಯಲಿಲ್ಲ, ಹೆದರಿಸಲೂ ಇಲ್ಲ. ಮೆತ್ತಗೆ ಹೇಳಿದರು: “ನೋಡವ್ವಾ, ನಾಳೆ ಹುಡುಗಿ ಲಗ್ನ ಆಗಬೇಕು. ಕೋರ್ಟಿಗೆ ನಿಂದರಿಸಿದ್ರ ಆಕೀ ಹೆಸರ ಕೆಡತೈತಿ. ಇಲ್ಲಿಗೆ ಬಿಟ್ಟಬಿಡು.”

ತಾಯಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. “ಹೆಸರ ಕೆಡೋದು ಮಾರಿದವರದು ರೀ. ನನ್ನ ಮಗಳದ ಯಾಕ ಕೆಡತೈತಿ?”

ಹಿರಿಯರು ನನ್ನ ಕಡೆ ನೋಡಿದರು, ನೀವಾದರೂ ಬುದ್ಧಿ ಹೇಳಿ ಎಂಬಂತೆ. ನಾನು ತಾಯಿಗೆ ಕುರ್ಚಿ ತೋರಿಸಿ ಫೈಲು ತೆರೆದೆ.

ಸಾಕ್ಷಿಯ ದಿನ ನ್ಯಾಯಾಧೀಶರು ಸಂಬಂಧವಿಲ್ಲದವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ನನಗೆ ಕಟಕಟೆಯ ಪಕ್ಕದಲ್ಲೇ ಕೂಡಲು ಅನುಮತಿ ಕೊಟ್ಟರು. ಹುಡುಗಿ ಕಟಕಟೆಯ ಅಂಚು ಹಿಡಿದುಕೊಂಡು ನಿಂತಳು. ಸರ್ಕಾರಿ ವಕೀಲರ ಪ್ರಶ್ನೆಗಳಿಗೆ ಸಣ್ಣ ದನಿಯಲ್ಲಿ ಒಂದೊಂದೇ ಉತ್ತರ ಕೊಟ್ಟಳು. ಆಮೇಲೆ ಆರೋಪಿಗಳ ವಕೀಲರು ಎದ್ದರು.

“ಬಸ್ಸಿನ್ಯಾಗ ನಿನ್ನ ಕೈಕಾಲು ಕಟ್ಟಿದ್ರೇನು?”

“ಇಲ್ರಿ.”

“ಕೊಲ್ಲಾಪುರ ದಾಟಿದ್ದು ನಿನಗ ಗೊತ್ತಾತೋ ಇಲ್ಲೋ?”

“ಗೊತ್ತಾತ್ರಿ. ಹಿಂದ ಅವ್ವನ ಕೂಡ ಅಲ್ಲಿ ಮಹಾಲಕ್ಷ್ಮಿ ಗುಡಿಗೆ ಹೋಗಿದ್ನಿ, ಸ್ಟ್ಯಾಂಡ್ ನೋಡಿದ್ನಿ. ‘ಮಾವಶಿ, ಕೊಲ್ಲಾಪುರ ಬಂತಲ್ಲ’ ಅಂದ್ನಿ. ‘ಇನ್ನೂ ಮುಂದ ಐತಿ, ಮಲಕೊ’ ಅಂದ್ಲು.”

“ಬಸ್ ತುಂಬ ಮಂದಿ ಇದ್ರು. ಯಾಕ ಚೀರಲಿಲ್ಲ?”

ಹುಡುಗಿಗೆ ಪ್ರಶ್ನೆಯೇ ತಿಳಿಯಲಿಲ್ಲವೆಂದು ಕಾಣುತ್ತದೆ. ವಕೀಲರ ಮುಖ ನೋಡಿದಳು. ಆಮೇಲೆ ಆರೋಪಿಗಳ ಜಾಗದಲ್ಲಿ ಕೂತ ಹೆಂಗಸನ್ನು ನೋಡಿದಳು.

“ಯಾಕ ಚೀರಲಿ ರೀ? ಬಾಜೂಕ ಮಾವಶಿ ಇದ್ಲಲ್ರಿ.”

ಆ ಹೆಂಗಸು ತಲೆ ತಗ್ಗಿಸಿದಳು. ವಕೀಲರು ಕೈಯಲ್ಲಿದ್ದ ಹಾಳೆ ತಿರುವಿದರು. ಇನ್ನೂ ಒಂದೆರಡು ಪ್ರಶ್ನೆ ಕೇಳಿ ಕೂತರು. ಹೊರಗೆ ಬಂದ ಮೇಲೆ ಹುಡುಗಿ ನಲ್ಲಿಯ ಕೆಳಗೆ ಮುಖವೊಡ್ಡಿ ನೀರು ಕುಡಿದಳು, ಮತ್ತೆ ಕುಡಿದಳು. “ನಾ ಛಲೋ ಹೇಳಿದ್ನೇನ್ರಿ ಅಕ್ಕಾರ?” ಎಂದು ಶಾಲೆಯ ಪಾಠ ಒಪ್ಪಿಸಿದವಳಂತೆ ಕೇಳಿದಳು. ಹೌದೆಂದು ತಲೆಯಾಡಿಸಿದೆ.

ತೀರ್ಪಿನ ದಿನ ಅವಳು ಬರಲಿಲ್ಲ. ತಾಯಿ ಬಂದಿದ್ದಳು. ಇಬ್ಬರೂ ಅಪರಾಧಿಗಳು ಎಂದು ಓದಿದ ಮೇಲೆ ನ್ಯಾಯಾಧೀಶರು, ಕಾನೂನಿನಂತೆ, ಶಿಕ್ಷೆಯ ಬಗ್ಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಗಂಡಸು ಮುದಿ ತಾಯಿತಂದೆಯರಿದ್ದಾರೆ ಅಂದ. ಹೆಂಗಸು ಹೇಳಿದಳು:

“ನನ್ನನ್ನೂ ಹಿಂಗ ಒಯ್ದಿದ್ರು ರೀ ಸಾಹೇಬ್ರ. ನಾ ಆ ಹುಡುಗಿಕಿಂತ ಸಣ್ಣಾಕಿ ಇದ್ನಿ. ಆಗ ಯಾರೂ ಕೋರ್ಟಿಗೆ ಬರಲಿಲ್ಲ.”

ಅವಳು ಅನುಕಂಪಕ್ಕಾಗಿ ಹೇಳಿದಳೆಂದು ನನಗೆ ಅನ್ನಿಸಲಿಲ್ಲ, ನಿಜವೆಂದೇ ಅನ್ನಿಸಿತು. ನ್ಯಾಯಾಧೀಶರಿಗೂ ಹಾಗೆಯೇ ಅನ್ನಿಸಿರಬೇಕು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಗಂಡಸಿಗೆ ಹತ್ತು ವರ್ಷ, ಹೆಂಗಸಿಗೆ ಏಳು ವರ್ಷ ಕಠಿಣ ಸಜೆ ಎಂದು ಓದಿದರು. ನೋವು ಉಂಡದ್ದು ಬೇರೆ, ಅದನ್ನು ಇನ್ನೊಂದು ಮಗುವಿಗೆ ಉಣಿಸಿದ್ದು ಬೇರೆ ಎಂಬರ್ಥದ ಮಾತು ಹೇಳಿದರು.

ಮೆಟ್ಟಿಲಿಳಿಯುವಾಗ ನಾನು ತಾಯಿಗೆ ಅಂದೆ, “ಪಾಪ, ಆಕೀದೂ ಹಂಗ ಆಗಿತ್ತಂತ.”

ಅವಳು ನಿಂತಳು. “ಸುಟ್ಟಕೊಂಡಾಕಿಗೆ ಬೆಂಕಿ ಅಂದ್ರೇನಂತ ಗೊತ್ತಿರಬೇಕಿತ್ತಲ್ರಿ ಅಕ್ಕಾರ,” ಎಂದಳು. ಅಷ್ಟು ದಿನ ತಡೆದಿದ್ದ ಅಳು ಆಗ ಬಂತು. ಮಗಳಿಗಾಗಿ ಅತ್ತಳೋ ಆ ಹೆಂಗಸಿಗಾಗಿಯೂ ಅತ್ತಳೋ, ನಾನು ಕೇಳಲಿಲ್ಲ.

ಸಂಜೆಗೆ ನಿಪ್ಪಾಣಿಗೆ ಹೋಗಿ ನಾನೇ ಹುಡುಗಿಗೆ ಸುದ್ದಿ ತಿಳಿಸಿದೆ. ಅಕ್ಕಿ ಆರಿಸುತ್ತ ಕೂತಿದ್ದಳು. ಸಂತೋಷ ಪಡುತ್ತಾಳೆಂದುಕೊಂಡಿದ್ದೆ. “ಪುಣೇದಾಗ ನನ್ನ ಕೂಡ ಇನ್ನೂ ಇಬ್ರ ಹುಡುಗ್ಯಾರ ಇದ್ರು,” ಅಂದಳು. “ಪೊಲೀಸರು ಬರೂಕಿಂತ ಮದಲ ಅವ್ರನ್ನ ಎಲ್ಲೋ ಸಾಗಿಸಿದ್ರು. ಅವ್ರ ಕೇಸ್ ಯಾವಾಗ ಐತ್ರಿ?”

ನಮ್ಮ ಹಿರಿಯ ವಕೀಲರು ಪುಣೆಯ ಪೊಲೀಸರಿಗೆ ಬರೆದರು, ಮತ್ತೆ ಬರೆದರು. ಆ ಇಬ್ಬರ ಸುಳಿವು ಸಿಗಲಿಲ್ಲ. ಮನೆ ನಡೆಸುತ್ತಿದ್ದವರೂ ಸಿಗಲಿಲ್ಲ.

ಹುಡುಗಿ ಹೊಲಿಗೆ ಕಲಿತಳು. ಕೆಲವು ವರ್ಷಗಳ ಮೇಲೆ ಅಥಣಿ ಕಡೆಯ ಸಂಬಂಧ ಬಂದಾಗ, ತಾಯಿ ಬೇಡವೆಂದರೂ ಕೇಳದೆ, ವರನನ್ನು ಕೂಡಿಸಿಕೊಂಡು ತಾನೇ ಎಲ್ಲ ಹೇಳಿದಳು. ಅವನು ಎರಡು ದಿನ ಯೋಚಿಸಿ ಒಪ್ಪಿದ. ಮಾವಶಿ ಶಿಕ್ಷೆ ಮುಗಿಸಿಕೊಂಡು ನಿಪ್ಪಾಣಿಗೇ ಬಂದು ಬೇರೆ ಓಣಿಯಲ್ಲಿ ಉಳಿದಳೆಂದು ಕೇಳಿದೆ. ಸಂತೆಯಲ್ಲಿ ಒಮ್ಮೆ ತಾಯಿಗೆ ಎದುರಾದಳಂತೆ. ಇಬ್ಬರೂ ಮಾತಾಡಲಿಲ್ಲವಂತೆ.