ಬಾಳೆಕಾಯಿ ನೆನೆಸಿದ ನೀರು

ಅವರ ಬಲಗೈ ಹೆಬ್ಬೆರಳು ಸದಾ ಕಪ್ಪಗಿರುತ್ತಿತ್ತು. ಬಾಳೆಕಾಯಿ ಹೆಚ್ಚುವ ಮುಂಚೆ ಕೈಗೆ ಎಣ್ಣೆ ಹಚ್ಚಿಕೊಳ್ಳಿ ಎಂದು ಸೊಸೆ ಹೇಳಿದರೆ, "ಎಣ್ಣಿ ತಲಿಗೆ, ಕೈಗಲ್ಲ" ಎನ್ನುತ್ತಿದ್ದರು. ಹಿತ್ತಲಲ್ಲಿ ಬಚ್ಚಲ ನೀರಿಗೆ ಬೆಳೆದ ಬಾಳೆ ಒಂದರ ಹಿಂದೊಂದು ಗೊನೆ ಬಿಡುತ್ತಿತ್ತು. ಹಾಗಾಗಿ ಸೊನೆಯ ಕಲೆ ಹೋಗಲು ಆ ಬೆರಳಿಗೆ ಪುರುಸೊತ್ತೇ ಸಿಗುತ್ತಿರಲಿಲ್ಲ.

ಅವರು ಶಿರಾಳಕೊಪ್ಪದಲ್ಲಿ ನಮ್ಮ ಮನೆ ಓನರಮ್ಮ. ಮಗನದು ಮೆಕ್ಕೆಜೋಳದ ವ್ಯಾಪಾರ, ಮನೆಯ ಕಾರುಬಾರು ಇವರದು. ಸೊರಬದವಳಾದ ನಾನು ಹೈಸ್ಕೂಲು ಟೀಚರಾಗಿ ಬಂದು ಅವರ ಹಿಂಭಾಗದ ಮನೆಯನ್ನು ಬಾಡಿಗೆಗೆ ಹಿಡಿದೆ. ಮೊದಲ ದಿನ ಹಾಲು ಉಕ್ಕಿಸುವುದಿಲ್ಲ ಎಂದಾಗ ಅವರ ಮುಖ ಸಣ್ಣದಾಯಿತು. ಹಾಲು, ಮೊಸರು, ತುಪ್ಪ ಯಾವುದು ಬಾಯಿಗೆ ಹೋದರೂ ನನಗೆ ಗಂಟಲು ಊದಿ ಉಸಿರು ಕಟ್ಟುತ್ತದೆ, ಚಿಕ್ಕಂದಿನಿಂದಲೂ ಹೀಗೇ ಎಂದು ವಿವರಿಸಿದೆ. ಸ್ವಲ್ಪ ಯೋಚಿಸಿ, "ಹಂಗಾರ ನಾ ಉಕ್ಕಿಸ್ತೀನಿ, ನೀವು ಹೊರಗ ನಿಂತ್ಕೊಳ್ರಿ" ಎಂದರು. ನನ್ನ ಗೃಹಪ್ರವೇಶವನ್ನು ನಾನು ಅಂಗಳದಿಂದಲೇ ನೋಡಿದೆ.

ಕೊಟ್ಟಿಗೆಯಲ್ಲಿ ಎಮ್ಮೆ ಇದ್ದ ಮನೆ ಅದು. ಮಜ್ಜಿಗೆ ಅನ್ನ ಉಣ್ಣದೆ ಎದ್ದವರನ್ನು ಅವರು ಉಂಡವರೆಂದು ಒಪ್ಪುತ್ತಿರಲಿಲ್ಲ. ಆ ಪ್ರಕಾರ ನಾನು ಹುಟ್ಟಿದಾರಭ್ಯ ಉಪವಾಸವಿದ್ದವಳು. ನನಗೊಂದು ಸರಿಯಾದ ಊಟ ಹಾಕುವುದು ಅವರಿಗೆ ಹಟವೇ ಆಯಿತು.

ಶಿವಮೊಗ್ಗಕ್ಕೆ ಹೋದಾಗ ನಾನು ಪನೀರಿನ ಬದಲಿಗೆ ಸೋಯಾ ಟೋಫು ತಂದು ಅವರ ಫ್ರಿಜ್ಜಿನಲ್ಲಿಡುತ್ತಿದ್ದೆ. ಒಮ್ಮೆ ಅದನ್ನು ಆ ಕಪ್ಪು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಉಪ್ಪಿಲ್ಲ, ಹುಳಿ ಇಲ್ಲ, ವಾಸನಿ ಇಲ್ಲ. ಯಾರ ಮನಿ ಕೂಸೋ ಪಾಪ, ಇಲ್ಲಿ ಬಂದು ಬಿದ್ದೈತಿ!" ಅದನ್ನು ತಮ್ಮ ಬಾಳೆಕಾಯಿ ಪಲ್ಯದ ಜೊತೆ ಸೇರಿಸುವುದೆಂದು ಅಲ್ಲೇ ತೀರ್ಮಾನವಾಯಿತು. ಸಾಸಿವೆ ಒಗ್ಗರಣೆ, ಈರುಳ್ಳಿ, ಬಾಳೆಕಾಯಿ ಹೋಳು, ಅರಿಸಿನ, ಮನೆಯ ಮಸಾಲೆ ಪುಡಿ. ಹೋಳು ಬೆಂದ ಮೇಲೆ ತೆಂಗಿನಕಾಯಿ ಹಾಲು, ಕೊನೆಗೆ ಹುರಿದ ಟೋಫು. "ಕಾಯಿ ಹಾಲು ನಡೀತೈತಿ, ಎಮ್ಮಿ ಹಾಲು ನಡಿಯಂಗಿಲ್ಲ. ಎಮ್ಮಿ ಏನ್ ತಪ್ಪು ಮಾಡೇತ್ರೀ?" ಎಂದು ಕೇಳಿದರು. ಆದರೂ ಭಾನುವಾರ ನನಗೆಂದು ಹೊಸ ಪಾತ್ರೆ ಇಳಿಸಿದರು, ತುಪ್ಪದ ಸೌಟನ್ನು ದೂರ ಇಟ್ಟರು.

ರುಚಿ ಚೆನ್ನಾಗಿತ್ತು. ಅರ್ಧ ಊಟವಾಗುವಷ್ಟರಲ್ಲಿ ತುಟಿ ದಪ್ಪಗಾಗಿ ಗಂಟಲು ಕಟ್ಟಿತು. ಅವರ ಮಗ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದರು. ಇಂಜೆಕ್ಷನ್ ಕೊಟ್ಟು, ಏನು ತಿಂದಿದ್ದರು ಎಂದು ಡಾಕ್ಟರು ಕೇಳಿದಾಗ ಜೊತೆಗೆ ಬಂದಿದ್ದ ಅವರು ಎದೆಯ ಮೇಲಿನ ಲಿಂಗದ ಕರಡಿಗೆ ಹಿಡಿದುಕೊಂಡು, "ಲಿಂಗದಾಣಿ, ಒಂದು ಹನಿ ಹಾಲು ಬಿದ್ದಿಲ್ರೀ" ಎಂದರು.

ಸಂಜೆ ನನ್ನ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ.

"ಬಾಳೆಕಾಯಿ ಹೆಚ್ಚಿ ಮಜ್ಜಿಗಿ ನೀರಾಗ ಹಾಕಿದ್ನಿರೀ, ಕಪ್ಪಾಗಬಾರದು ಅಂತ. ಚೆಲ್ಲೋ ನೀರು ಅದು. ಅಡಿಗ್ಯಾಗ ಅದನ್ನ ಎಣಿಸಬೇಕು ಅಂತ ಹೊಳೀಲೇ ಇಲ್ಲ. ಲಿಂಗ ಹಿಡಿದು ಸುಳ್ಳು ಹೇಳಿದಂಗಾತು."

ಬಾಳೆಕಾಯಿ ಹೋಳನ್ನು ಮಜ್ಜಿಗೆ ಬೆರೆಸಿದ ನೀರಿಗೆ ಹಾಕುವುದು ನಮ್ಮಮ್ಮನಿಗೂ ಅಭ್ಯಾಸವಿತ್ತು, ನಾನು ಹುಟ್ಟಿದ ಮೇಲೆ ಬಿಟ್ಟಿದ್ದಳು. ಹಾಗಾಗಿ ನನಗೆ ಸಿಟ್ಟು ಬರಲಿಲ್ಲ. ಭಯವಾಯಿತು. ಇನ್ನು ಆ ಮನೆಯಲ್ಲಿ ಉಣ್ಣುವುದಿಲ್ಲ ಎಂದು ನಾನು ಹೇಳಲೂ ಇಲ್ಲ, ಉಣ್ಣಲೂ ಇಲ್ಲ. ಅವರಿಗೆ ಅರ್ಥವಾಗಿತ್ತು.

ಆಮೇಲೆ ಅವರೇ ನನ್ನ ಅಡುಗೆಮನೆಗೆ ಬರತೊಡಗಿದರು. ತರುತ್ತಿದ್ದುದು ಸಿಪ್ಪೆ ಸಮೇತ ಬಾಳೆಕಾಯಿ ಮಾತ್ರ. ಚಾಕು ನನ್ನದು, ಪಾತ್ರೆ ನನ್ನದು. ಹೋಳುಗಳನ್ನು ಅಕ್ಕಿ ತೊಳೆದ ನೀರಿಗೆ ಹಾಕುವಾಗ "ನೋಡ್ಕೊಳ್ರಿ", ಒಗ್ಗರಣೆಗೆ ಎಣ್ಣೆ ಹಾಕುವಾಗ "ನೋಡ್ಕೊಳ್ರಿ" ಎನ್ನುತ್ತಿದ್ದರು. ಪಂಚನಾಮೆ ನಡೆಸಿದ ಹಾಗಿರುತ್ತಿತ್ತು, ಕೆಲವೊಮ್ಮೆ ನನಗೆ ಬೇಸರವೂ ಬರುತ್ತಿತ್ತು. ನನ್ನ ಜೊತೆ ಎರಡು ತುತ್ತು ಉಂಡು, ಮಜ್ಜಿಗೆಗೆಂದು ತಮ್ಮ ಮನೆಗೆ ಹೋಗುತ್ತಿದ್ದರು. ಹೋಗುವಾಗ ಬಾಗಿಲಲ್ಲಿ ನಿಂತು, "ನಮ್ಮನ್ಯಾಗ ಒಮ್ಮಿ ಉಣ್ಣಾಕ..." ಎಂದು ಶುರುಮಾಡಿ ಅಲ್ಲಿಗೇ ಬಿಡುತ್ತಿದ್ದರು. ನಾನು ಆ ಮಾತನ್ನು ಮುಂದುವರಿಸುತ್ತಿರಲಿಲ್ಲ.

ಈ ವರ್ಷ ಯುಗಾದಿ ಕಳೆದ ಮೇಲೆ ಜ್ವರ ಬಂದು ಮಲಗಿದವರು ಏಳಲಿಲ್ಲ. ಅವರ ಹೆಸರಿನಲ್ಲಿ ಊಟ ಹಾಕುವ ಗಣಾರಾಧನೆಯ ದಿನ ತಲೆ ತೋರಿಸಿ ಬಂದರಾಯಿತು ಎಂದು ಹೋದೆ. ಸೊಸೆ ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಶಾಮಿಯಾನದಲ್ಲಿ ಪಂಕ್ತಿ ಎದ್ದಾಗಿತ್ತು, ಅಡುಗೆ ಭಟ್ಟರು ಪಾತ್ರೆ ತೊಳೆಯುತ್ತಿದ್ದರು. ಮನೆಯ ಒಲೆ ಕಟ್ಟೆಯ ಮೇಲೆ ಮಾತ್ರ ಒಂದು ತಟ್ಟೆಯಲ್ಲಿ ಸಿಪ್ಪೆ ತೆಗೆಯದ ಬಾಳೆಕಾಯಿಗಳು, ಪಕ್ಕದಲ್ಲಿ ಒಡೆಯದ ಟೋಫು ಪ್ಯಾಕೆಟ್ಟು, ಬೋಗುಣಿಯಲ್ಲಿ ಅಕ್ಕಿ ತೊಳೆದ ನೀರು ಇದ್ದವು.

"ಅತ್ತಿ ಮಲಗಿದಲ್ಲೇ ಹೇಳಿದ್ರು," ಎಂದರು ಸೊಸೆ. "ಆ ದಿನ ಟೀಚರ್ ಬರೋತನ ಹೆಚ್ಚಬ್ಯಾಡ, ಅವ್ರ ಕಣ್ಮುಂದ ಹೆಚ್ಚು ಅಂತ. ಉಣ್ಣಂಗಿಲ್ಲ ಅಂದ್ರ ಒತ್ತಾಯ ಮಾಡಬ್ಯಾಡ ಅಂತಾನೂ ಹೇಳ್ಯಾರ."

ನನಗೆ ಅಳು ಬಂತು. ಸೊಸೆ ಹೆಚ್ಚುವುದನ್ನು ನೋಡದೆ ಹೋಗಿ ಎಲೆಯ ಮುಂದೆ ಕೂತೆ.