ಒಡೆದ ಹಾಲಿನ ಗಿಣ್ಣು

ನನಗೆ ಹದಿಮೂರು ತುಂಬಿದ ವರ್ಷ, ಇಡೀ ಭದ್ರಾವತಿಯಲ್ಲಿ ಹಿತ್ತಾಳೆ ಪಾತ್ರೆಯನ್ನು ನನ್ನಷ್ಟು ಚೆನ್ನಾಗಿ ಬೆಳಗುವವರು ಇನ್ನೊಬ್ಬರಿರಲಿಲ್ಲ. ಬೇರೆ ಯಾರೂ ಹೇಳದ್ದರಿಂದ ನಾನೇ ಹೇಳಬೇಕಾಗಿದೆ. ಈಗ ಹದಿನಾರಾಗಿದೆ, ಅಭಿಪ್ರಾಯ ಬದಲಾಗಿಲ್ಲ.

ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತರು. ಕ್ವಾರ್ಟರ್ಸಿನಲ್ಲಿ ನಮಗೆ ಎರಡು ಕೋಣೆಯ ಮನೆ, ಹಿತ್ತಲಲ್ಲಿ ತಗಡಿನ ಮಾಡು, ಅದರ ಕೆಳಗೆ ಒಂದು ಎಮ್ಮೆ. ಎಮ್ಮೆ ಶಿವಮೊಗ್ಗದ ಅಜ್ಜಿಯದು, ಎಂದರೆ ಅಪ್ಪನ ತಾಯಿಯದು. ಸೊಸೆಗೆಂದು ನಡೆಸಿಕೊಂಡೇ ಕಳಿಸಿದ್ದರು. ಅಮ್ಮ ದಿನಕ್ಕೆ ಅಪ್ಪನ ಹತ್ತಿರ ಹತ್ತು ಮಾತಾಡಿದರೆ ಎಮ್ಮೆಯ ಹತ್ತಿರ ಸಾವಿರ ಆಡುತ್ತಿದ್ದಳು. ಎಮ್ಮೆಯೂ ಅಪ್ಪನಿಗಿಂತ ಚೆನ್ನಾಗಿ ಹೂಂಗುಟ್ಟುತ್ತಿತ್ತು.

ತೊಂದರೆ ಏನೆಂದರೆ, ಮನೆಯಲ್ಲಿ ಮೂರೇ ಬಾಯಿ, ಎಮ್ಮೆ ಕರೆಯುವುದು ಮೂವತ್ತು ಬಾಯಿಗೆ. ಹಾಲು ಮಾರುವುದು ಅಜ್ಜಿಯ ಮನೆತನದಲ್ಲೇ ಇಲ್ಲ. ಹಿಂದಿನ ಸಲ ಬಂದಾಗ ಅಜ್ಜಿ ಸೂರಿಗೆ ತೂಗುಹಾಕಿದ್ದ ನೆಲುವಿನಲ್ಲಿನ ಗಡಿಗೆಗೆ ಕೈ ಹಾಕಿದರು. ಒಳಗಿದ್ದ ಬೆಣ್ಣೆಗೆ ನಮ್ಮ ಸ್ಕೂಲಿನ ಮೇಷ್ಟರಿಗಿಂತ ಉದ್ದ ಗಡ್ಡ ಬಂದಿತ್ತು. ಅಜ್ಜಿ ಅಂಗಳದಲ್ಲಿ ನಿಂತು, ಮೂರು ಬೀದಿಗೆ ಕೇಳುವ ಹಾಗೆ ಹೇಳಿದರು:

"ನೋಡೇ, ಇನ್ನೊಂದ್ಸಲ ಒಂದು ಲೋಟ ಹಾಲು ಮೋರಿಗೆ ಹೋಯ್ತು ಅಂತ ಗೊತ್ತಾದ್ರೆ, ಎಮ್ಮೆ ನನ್ನ ಹಿಂದೆ ಶಿವಮೊಗ್ಗಕ್ಕೆ ಬರುತ್ತೆ. ತಿಳೀತಾ?"

ಅಂದಿನಿಂದ ಅಮ್ಮ ಯುದ್ಧಕ್ಕೆ ನಿಂತವಳ ಹಾಗೆ ಹಾಲಿನ ಹಿಂದೆ ಬಿದ್ದಳು. ರಾತ್ರಿ ಹೆಪ್ಪು, ದಿನ ಬಿಟ್ಟು ದಿನ ಕಡೆಯುವುದು, ನಾಲ್ಕನೇ ದಿನ ಬೆಣ್ಣೆ ಕಾಯಿಸುವುದು, ಮಜ್ಜಿಗೆ ಇಡೀ ಸಾಲಿನ ಮನೆಗಳಿಗೆ. ನಮ್ಮ ಸಾಲಿನ ಜನ ಆ ಬೇಸಿಗೆ ಕುಡಿದ ಮಜ್ಜಿಗೆಯನ್ನು ಭದ್ರಾ ಹೊಳೆಗೆ ಬಿಟ್ಟಿದ್ದರೆ ಹೊಳೆ ಬೆಳ್ಳಗಾಗುತ್ತಿತ್ತು.

ಹೀಗಿರುವಾಗ, ಅಜ್ಜಿ ನಾಳೆ ಬೆಳಗಿನ ರೈಲಿಗೆ ಬರುತ್ತಾರೆಂದು ಕಾಗದ ಬಂತು. ಅಮ್ಮ ಹಾಲಿನ ಪಾತ್ರೆಯನ್ನು ಬೂದಿ ಹಾಕಿ ಉಜ್ಜಲು ಹೇಳಿದಳು. ಬೂದಿ ಸಾಮಾನ್ಯರಿಗೆ. ನಾನು ಹುಣಸೆಹಣ್ಣು ಹಾಕಿ ಒಳಗೂ ಹೊರಗೂ ಉಜ್ಜಿದೆ. ಪಾತ್ರೆಯಲ್ಲಿ ನನ್ನ ಮುಖ ಎಷ್ಟು ಚಂದ ಕಂಡಿತೆಂದರೆ, ಅದನ್ನು ನೋಡಿಕೊಂಡೇ ಎರಡು ಜಡೆ ಹೆಣೆದು ಬಿಚ್ಚಿ ಮತ್ತೆ ಹೆಣೆದೆ. ಈ ನಡುವೆ ಪಾತ್ರೆಯನ್ನು ಸರಿಯಾಗಿ ತೊಳೆಯುವುದು ಮರೆತುಹೋಯಿತು.

ಸಂಜೆ ಹಾಲು ಕಾಯಲು ಇಟ್ಟೆವು. ಕುದಿ ಬರುವ ಮೊದಲೇ ಅದು ಗಟ್ಟಿ ಬೇರೆ ನೀರು ಬೇರೆ ಎಂಬಂತೆ ಒಡೆದುಕೊಂಡಿತು. ಅಷ್ಟೂ ಹಾಲು!

ಅಮ್ಮ ಒಲೆಯ ಮುಂದೆ ಕುಸಿದಳು. "ಹೋಯ್ತು ಕಣೇ, ನನ್ನ ಎಮ್ಮೆ ಹೋಯ್ತು" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಹಿತ್ತಲಿಂದ ಎಮ್ಮೆ ಒಮ್ಮೆ ಕೂಗಿತು. ಅಷ್ಟರಲ್ಲಿ ಅಮ್ಮನಿಗೇ ಏನೋ ಹೊಳೆದು ಎದ್ದಳು. ಒಡೆದದ್ದನ್ನು ಬಟ್ಟೆಯಲ್ಲಿ ಹಿಂಡಿ, ಬೆಲ್ಲ ಏಲಕ್ಕಿ ಸೇರಿಸಿ, ತಟ್ಟೆಗೆ ತಟ್ಟಿ, ಹಬೆಯಲ್ಲಿ ಬೇಯಿಸಿದಳು. ಇಳಿದ ನೀರನ್ನು ಬೆಳಗಿನ ಅಕ್ಕಿರೊಟ್ಟಿಯ ಹಿಟ್ಟಿಗೆಂದು ಮುಚ್ಚಿಟ್ಟಳು.

ಬೆಳಿಗ್ಗೆ ಬಂದ ಅಜ್ಜಿ ಮೊದಲು ಮೋರಿ ನೋಡಿದರು, ಆಮೇಲೆ ಮೊಮ್ಮಗಳನ್ನು. ನಾಲ್ಕು ರೊಟ್ಟಿ ತಿಂದರು. ತಟ್ಟೆಯಲ್ಲಿದ್ದ ಸಿಹಿಯನ್ನು ಒಂದು ತುಂಡು, ಎರಡು ತುಂಡು, ಐದು ತುಂಡು ತಿಂದರು.

"ಎಂಥದ್ದೇ ಇದು? ಚೆನ್ನಾಗಿದೆಯಲ್ಲ ಮಾರಾಯ್ತಿ!"

ಅಮ್ಮ ನಿಜ ಹೇಳಲು ಬಾಯಿ ತೆರೆದಳು. ನನಗೆ ತಡೆಯಲಾಗಲಿಲ್ಲ. "ಗಿಣ್ಣು ಅಜ್ಜಿ!" ಎಂದೆ.

"ಗಿಣ್ಣಾ? ನಮ್ಮೆಮ್ಮೆ ಕರು ಹಾಕಿ ಎಂಟು ತಿಂಗಳಾಯ್ತಲ್ಲೇ. ಗಿಣ್ಣುಹಾಲು ಮೊದಲ ಮೂರು ದಿನ ಬಂದ್ರೆ ಹೆಚ್ಚು."

"ನಮ್ದಲ್ಲ, ಪಕ್ಕದ ಮನೇದು. ನಿನ್ನೆ ಅವ್ರ ಹಸು ಕರು ಹಾಕ್ತು. ಬೆಳ್ಳಗಿದೆ, ಹಣೇಲಿ ಚುಕ್ಕಿ, ಎಡಗಿವಿ ಸ್ವಲ್ಪ ಗಿಡ್ಡ."

ಎಡಗಿವಿಯ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ. ಆದರೆ ಒಂದು ಪದ್ಧತಿ ಮರೆತಿದ್ದೆ. ಗಿಣ್ಣು ಬಂದ ಪಾತ್ರೆ ಬರಿದಾಗಿ ವಾಪಸು ಹೋಗಬಾರದು, ಹೋದರೆ ಕೊಟ್ಟವರ ಹಸುವಿನ ಕೆಚ್ಚಲು ಬತ್ತುತ್ತದೆ. ಅಜ್ಜಿ ಆ ತಟ್ಟೆಯನ್ನೇ ತೊಳೆದು, ಅಕ್ಕಿ ಬೆಲ್ಲ ತುಂಬಿ, ಕರುವಿಗೆಂದು ಅರಿಶಿನ ಕುಂಕುಮ ತೆಗೆದುಕೊಂಡು ಹೊರಟೇಬಿಟ್ಟರು. "ಅತ್ತೆ, ಬಿಸಿಲು" ಎಂದಳು ಅಮ್ಮ. "ಬಿಸಿಲೇನು ನನ್ನ ಕಚ್ಚುತ್ತಾ?" ಎಂದರು ಅಜ್ಜಿ.

ಪಕ್ಕದ ಮನೆಯಲ್ಲಿದ್ದವರು ತಮಿಳು ಮಾತಿನ ಫಿಟ್ಟರ್ ಮತ್ತು ಅವರ ಹೆಂಡತಿ. ನಾನು ಬೇಲಿಯ ಈಚೆ ಕೂತು ಎಲ್ಲ ಕೇಳಿಸಿಕೊಂಡೆ.

"ಕರು ಎಲ್ಲಿದೆಯಮ್ಮ?" ಎಂದರು ಅಜ್ಜಿ.

"ಕರುವಾ?" ಎಂದರು ಫಿಟ್ಟರ್ ಹೆಂಡತಿ. ಅವರ ತಮಿಳಿನಲ್ಲಿ ಅಜ್ಜಿಗೆ ಪಾಟಿ ಎನ್ನುವುದು. "ಐಯೋ ಪಾಟಿ, ನಮ್ಮನೇಲಿ ನಾಲ್ಕು ಕಾಲಿಂದು ಅಂದ್ರೆ ಒಂದು ಮಂಚ ಅಷ್ಟೇ!"

ಅಜ್ಜಿ ಮರಳಿ ಬಂದ ವೇಗಕ್ಕೆ ರೈಲು ನಾಚಬೇಕು. ಅಮ್ಮ ಗೋಡೆಗೆ ಅಂಟಿ ನಿಂತಿದ್ದಳು. ನಾನು ಹುಣಸೆಹಣ್ಣು, ಜಡೆ, ಒಡೆದ ಹಾಲು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ.

"ಎಷ್ಟು ಮೋರಿಗೆ ಚೆಲ್ಲಿದ್ರಿ?" ಅಜ್ಜಿ ಅಮ್ಮನನ್ನೇ ನೋಡುತ್ತಾ ಕೇಳಿದರು.

"ಒಂದು ಹನೀನೂ ಇಲ್ಲ ಅತ್ತೆ" ಎಂದಳು ಅಮ್ಮ, ಇರುವೆಗೆ ಕೇಳುವಷ್ಟು ದನಿಯಲ್ಲಿ. "ಗಟ್ಟಿ ತಟ್ಟೆಗೆ ಹೋಯ್ತು, ನೀರು ರೊಟ್ಟಿ ಹಿಟ್ಟಿಗೆ ಹೋಯ್ತು."

"ಎರಡೂ ನಿನ್ನ ಹೊಟ್ಟೆಗೇ ಹೋಯ್ತು ಅಜ್ಜಿ" ಎಂದು ನಾನು ಸೇರಿಸಿದೆ.

ಅಜ್ಜಿ ತಮ್ಮ ಹೊಟ್ಟೆ ನೋಡಿಕೊಂಡರು. ತಡೆದು ತಡೆದು, ಕೊನೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಒಡೆದ ಹಾಲನ್ನೂ ಉಳಿಸೋ ಕೈ ಇರೋ ಮನೇಲಿ ಎಮ್ಮೆ ಇರ್ಲಿ. ಆದ್ರೆ ಈ ಬಾಯಿ ಇಲ್ಲಿ ಬಿಟ್ರೆ ನಾಳೆ ಮಂಚಕ್ಕೂ ಕೊಂಬು ಬರುತ್ತೆ. ಇವಳನ್ನ ನಾನು ಕರ್ಕೊಂಡ್ ಹೋಗ್ತೀನಿ."

ಹೀಗೆ ಎಮ್ಮೆ ಉಳಿಯಿತು, ರಜೆ ಮುಗಿಯುವವರೆಗೆ ನಾನು ಶಿವಮೊಗ್ಗದ ಪಾಲಾದೆ. ಹೊರಟ ಸಂಜೆ ಅಪ್ಪ ಸ್ಟೇಷನ್ನಿಗೆ ಬಂದರು. ಅಮ್ಮ ಬರಲಿಲ್ಲ. ಹಾಲು ಕರೆಯುವ ಹೊತ್ತಾಗಿತ್ತಂತೆ.