ಗ್ರೀಕಪ್ಪನೂ ನಮ್ಮ ಕುಟ್ಟಾಣಿಯೂ

ನಮ್ಮ ಅತ್ತೆ ಅನಂತಲಕ್ಷ್ಮಿ ಸುಂಕದಕಟ್ಟೆಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಮಾಜ ಪಾಠ ಹೇಳಿ ನಿವೃತ್ತರಾದವರು. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಆ ವಯಸ್ಸಿನ ಹೆಂಗಸರು ಭಜನಾ ಮಂಡಳಿ ಸೇರುತ್ತಾರೆ. ಇವರು ಹಳೆಯ ಗ್ರೀಕ್ ಭಾಷೆ ಕಲಿಯಲು ಕುಳಿತರು. ಎರಡೂವರೆ ಸಾವಿರ ವರ್ಷದ ಹಿಂದಿನ ಒಬ್ಬ ಇತಿಹಾಸಕಾರನನ್ನು ಅವನದೇ ಮಾತಿನಲ್ಲಿ ಓದಬೇಕಂತೆ! ಅವನ ಹೆಸರಿಗೆ ನನ್ನ ನಾಲಿಗೆ ಹೊರಳದು. ಗ್ರೀಕಪ್ಪ ಎಂದೆ, ಮನೆಯಲ್ಲಿ ಅದೇ ನಿಂತಿತು.

“ಇಂಗ್ಲಿಷಲ್ಲೇ ಸಿಗುತ್ತಲ್ಲ ಅತ್ತೆ, ಯಾಕಿಷ್ಟು ಒದ್ದಾಟ?” ಎಂದು ಒಮ್ಮೆ ಕೇಳಿದೆ.

ಗ್ರೀಕಪ್ಪ ತನ್ನ ಊರಿಗೆ ಬಂದ ಪಿಡುಗಿನ ಬಗ್ಗೆ ಬರೆದಿದ್ದಾನೆ. ಅದು ಅವನಿಗೂ ತಗುಲಿತ್ತು, ಬದುಕಿಕೊಂಡ. ನಮ್ಮ ಮಾವ ಕೊರೊನಾ ಎರಡನೇ ಅಲೆಯಲ್ಲಿ ಹೋದರು.

“ಅವರನ್ನ ಕೊನೇಲಿ ಗಾಜಿನ ಆಚೆಯಿಂದ ನೋಡ್ದೆ ಕಣೇ,” ಎಂದರು ಅತ್ತೆ. “ಇವನನ್ನೂ ಗಾಜಿನ ಆಚೆಯಿಂದ್ಲೇ ನೋಡ್ಬೇಕಾ?”



ಪಾಠ ಹೇಳುವವರು ಗ್ರೀಸಿನ ಒಬ್ಬ ಮೇಡಂ, ಕಂಪ್ಯೂಟರಿನಲ್ಲಿ. ಎರಡು ವರ್ಷದ ಪಾಠ ಮುಗಿದ ಮೇಲೆ ಒಂದು ಪರೀಕ್ಷೆ. ಕೇಳಿದ ಭಾಗವನ್ನು ಪುಸ್ತಕ ನೋಡಿ ಓದಿ ಅರ್ಥ ಬಿಡಿಸಬೇಕು. ಪಾಸಾದವರಿಗೆ ಮಾತ್ರ ಮೂರನೇ ವರ್ಷ, ಪಿಡುಗಿನ ಪುಟಗಳು. ಇದೇ ಮೇಡಂ ಕಲಿಸುವ ಕೊನೆಯ ತಂಡ, ಇನ್ನೊಂದು ಅವಕಾಶವಿಲ್ಲ.

ಅತ್ತೆ ಓದುವ ರೀತಿಯೇ ಬೇರೆ. ಅವರ ತಂದೆ ಕಲಿಸಿದಂತೆ ಎಲ್ಲವೂ ಬಾಯಿಪಾಠ. ಬೆಳಿಗ್ಗೆ ಅಡುಗೆಮನೆಯ ನೆಲದಲ್ಲಿ ಕೂತು, ಸಾರಿಗೆ ಮೆಣಸು ಕುಟ್ಟುತ್ತಾ ಕುಟ್ಟಾಣಿಯ ಏಟಿಗೆ ಒಂದೊಂದು ಗ್ರೀಕ್ ಮಾತು. ಮೆಣಸು ಹಿಟ್ಟಾಗುತ್ತಿತ್ತು, ಗ್ರೀಕಪ್ಪನ ವಾಕ್ಯ ಮುಗಿಯುತ್ತಿರಲಿಲ್ಲ. ನನಗೆ ತಲೆನೋವು.

ತಪ್ಪು ಮಾಡಿದವಳು ನಾನು. ನವರಾತ್ರಿಯ ಸರಸ್ವತಿ ಪೂಜೆಯ ದಿನ ಅತ್ತೆ ಕೆಂಗೇರಿ ಉಪನಗರದ ತಂಗಿಯ ಮನೆಗೆ ಹೋಗಿದ್ದರು. ನಾನು ಜಾಣೆ ಸೊಸೆ ಅನ್ನಿಸಿಕೊಳ್ಳಲು ಮನೆಯ ಪುಸ್ತಕಗಳನ್ನೆಲ್ಲ ಪೀಠಕ್ಕೇರಿಸಿದೆ. ಸಾಲುಗಳ ನಡುವೆ ಎರಡು ವರ್ಷದ ಪೆನ್ಸಿಲ್ ಟಿಪ್ಪಣಿ ಇದ್ದ ಗ್ರೀಕಪ್ಪನನ್ನೂ ಏರಿಸಿ ಕುಂಕುಮವಿಟ್ಟೆ. ಪೂಜೆಗಿಟ್ಟ ಮೇಲೆ ವಿಜಯದಶಮಿಯವರೆಗೆ ಪುಸ್ತಕ ತೆಗೆಯುವ ಹಾಗಿಲ್ಲ, ಪಾಠದ್ದು ಏನನ್ನೂ ಓದುವ ಹಾಗಿಲ್ಲ. ಪರೀಕ್ಷೆ ಹಬ್ಬ ಕಳೆದ ಮೇಲೆ ತಾನೇ ಎಂದುಕೊಂಡಿದ್ದೆ. ಅವತ್ತೇ ಸಂಜೆ ಮೇಡಂ ಬರೆದರು: ಪರೀಕ್ಷೆ ನವಮಿಯ ದಿನ ಮಧ್ಯಾಹ್ನ ಮೂರಕ್ಕೆ. ದಿನ ಬದಲಿಸಿ ಎಂದು ಅತ್ತೆ ಕೇಳಿಕೊಂಡರು, ಆಗುವುದಿಲ್ಲ ಎಂದು ಉತ್ತರ ಬಂತು.

“ಪುಸ್ತಕ ತೆಗ್ದುಬಿಡಮ್ಮ. ಬೇಡ್ವಾ, ಲ್ಯಾಪ್‌ಟಾಪಲ್ಲಿ ತೋರಿಸ್ತೀನಿ,” ಎಂದರು ನನ್ನ ಗಂಡ ಶ್ರೀಶ.

“ಓದೋದೇ ಕೂಡದು ಕಣೋ. ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿದ್ದನ್ನ ನನಗೆ ಬೇಕಾದಾಗ ಬಿಡ್ಲಾ?”

ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅನ್ನ ಇಳಿಯುತ್ತಿತ್ತು.

ನವಮಿ, ಆಯುಧ ಪೂಜೆ. ಈಳಿಗೆಮಣೆ, ಚಾಕು, ಕುಟ್ಟಾಣಿ, ಎಲ್ಲಕ್ಕೂ ಕುಂಕುಮವಿಟ್ಟು ಸಾಲಾಗಿ ಜೋಡಿಸಿದ್ದೆ. ಅವನ್ನೂ ಅವತ್ತು ಬಳಸುವ ಹಾಗಿಲ್ಲ. ಬೀದಿಯಲ್ಲಿ ಬೂದುಗುಂಬಳ ಒಡೆಯುತ್ತಿದ್ದರು. ಮೂರಕ್ಕೆ ಅತ್ತೆ ಕ್ಯಾಮೆರಾ ಮುಂದೆ ಕೂತು, ಇವತ್ತು ನಾವು ಓದುವುದಿಲ್ಲ, ಯಾವ ಭಾಗ ಬೇಕಾದರೂ ಕೇಳಿ, ಬಾಯಲ್ಲಿ ಹೇಳಿ ಅರ್ಥ ಬಿಡಿಸುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಮೇಡಂಗೆ ಅನುಮಾನ ಬಂತು. ಎಲ್ಲೋ ಚೀಟಿ ಅಂಟಿಸಿದ್ದಾರೆ ಎಂದುಕೊಂಡಿರಬೇಕು.

“ಕಣ್ಣು ಮುಚ್ಚಿ, ಕೈಯೆರಡೂ ನನಗೆ ಕಾಣುವಂತಿರಲಿ,” ಎಂದರು.

ಮೊದಲ ಎರಡು ಭಾಗ ನೀರು ಕುಡಿದಂತೆ ಹೋಯಿತು. ಮೂರನೆಯದು ಉದ್ದನೆಯ ವಾಕ್ಯ. ಅರ್ಧದಲ್ಲಿ ಅತ್ತೆ ನಿಂತರು. ಮತ್ತೆ ಮೊದಲಿನಿಂದ ಹೇಳಿದರು, ಮತ್ತೆ ಅಲ್ಲೇ ನಿಂತರು. 

“ಇನ್ನೊಂದೇ ಸಲ,” ಎಂದು ಮೇಡಂ ಗಡಿಯಾರ ನೋಡಿದರು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮುಂದಿನ ಮಾತು ನನಗೆ ಗೊತ್ತಿತ್ತು! ಎರಡು ವರ್ಷದ ತಲೆನೋವು ಸುಮ್ಮನೆ ಹೋಗುತ್ತದೆಯೇ? ಆದರೆ ಹೇಳಿಕೊಟ್ಟರೆ ಮೋಸ. ಹೇಳಿಕೊಟ್ಟರೆ ತಾನೇ? ಪೂಜೆಗಿಟ್ಟ ಕುಟ್ಟಾಣಿಯನ್ನು ಎತ್ತಿಕೊಂಡೆ, ಬೆರಳಿಗೆಲ್ಲ ಕುಂಕುಮವಾಯಿತು. ಒಂದು ಹಿಡಿ ಮೆಣಸು ಸುರಿದು, ದಿನಾ ಬೆಳಿಗ್ಗೆ ಕೇಳುವ ಅದೇ ಏಟಿನಲ್ಲಿ ಕುಟ್ಟತೊಡಗಿದೆ.

ಅತ್ತೆಯ ತಲೆ ಮೆಲ್ಲಗೆ ತೂಗತೊಡಗಿತು. ಮಾತು ಬಂತು, ಅದರ ಹಿಂದೆ ಇನ್ನೊಂದು ಬಂತು, ವಾಕ್ಯ ಮುಗಿಯಿತು. ಅರ್ಥವನ್ನೂ ತಡವರಿಸದೆ ಹೇಳಿದರು.

“ಅದೇನು ಸದ್ದು?” ಎಂದರು ಮೇಡಂ.

“ನನ್ನ ಸೊಸೆ. ಸಾರಿಗೆ ಮೆಣಸು ಕುಟ್ಟುತ್ತಿದ್ದಾಳೆ,” ಎಂದರು ಅತ್ತೆ, ಕಣ್ಣು ತೆರೆಯದೆ.

ಮೇಡಂ ನಕ್ಕರು. ಮೂರನೇ ವರ್ಷಕ್ಕೆ ಅತ್ತೆಯ ಹೆಸರು ಬರೆದುಕೊಂಡರು.

ಅತ್ತೆ ಒಳಗೆ ಬಂದು ಕುಟ್ಟಾಣಿ ನೋಡಿದರು. “ಪೂಜೆಗಿಟ್ಟಿದ್ದನ್ನ ಮುಟ್ಟಿದ್ಯಲ್ಲೇ ತನ್ಮಯಿ.”

“ಪಾಪ ನನಗಿರ್ಲಿ ಬಿಡಿ ಅತ್ತೆ.”

ಅವರೇ ಅದನ್ನು ತೊಳೆದು, ಹೊಸದಾಗಿ ಕುಂಕುಮವಿಟ್ಟು, ಸಾಲಿನಲ್ಲಿಟ್ಟರು.

ಮಾರನೆಯ ದಿನ ಪೂಜೆ ವಿಸರ್ಜಿಸಿ ಪುಸ್ತಕ ಇಳಿಸಿಕೊಂಡರು. ತರಗತಿ ಶುರುವಾಗುವವರೆಗೆ ಕಾಯಲಿಲ್ಲ. ಅಡುಗೆಮನೆಯ ನೆಲದಲ್ಲಿ ಕೂತು ಪಿಡುಗಿನ ಪುಟ ತೆರೆದರು. ನಾಲ್ಕು ಸಾಲಿಗೆ ಮಧ್ಯಾಹ್ನವಾಯಿತು. ನಾನು ಸಾರಿಗೆ ಕುಟ್ಟುತ್ತಿದ್ದೆ.

“ತನ್ಮಯಿ, ಇವನು ಕಾಯಿಲೆ ಬಿದ್ದವರ ಹತ್ತಿರ ಕೂತು ನೋಡಿದಾನೆ ಕಣೇ,” ಎಂದರು. “ಹತ್ತಿರ ಕೂತು.”

ನಾನು ಕುಟ್ಟುವುದು ಬಿಟ್ಟು ಅವರ ಪಕ್ಕಕ್ಕೆ ಹೋಗಿ ಕೂತೆ.